ಮೋಡ ಕಾಣುವ ಕಾರ್ಡು

ಇವತ್ತು ಬೆಳಿಗ್ಗೆ ಮಾವ ಒಂದು ಬಟ್ಟೆಚೀಲವನ್ನು ನನ್ನ ಮೇಜಿನ ಮೇಲಿಟ್ಟು, "ಹೋಗ್ಬುಡ್ತು ಕಣೇ" ಎಂದರು. ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿ. ಒಳಗಿದ್ದದ್ದು ಅವರ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು. ಮೂಸಿದೆ, ಸುಟ್ಟ ಧೂಳಿನ ವಾಸನೆ. ತಲೆಕೆಳಗು ಮಾಡಿ ತಟ್ಟಿದರೆ ಫ್ಯಾನಿನ ಸಂದಿಯಿಂದ ಒಂದು ಚಿಟಿಕೆ ಕುಂಕುಮ ಉದುರಿತು. ಆ ಕೆಂಪು ಕಂಡದ್ದೇ ನನ್ನ ಅಂಗೈ ಬೆವರಿತು. ಕುಂಕುಮಕ್ಕೂ ಬೆವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಲೇಬೇಕು. ಸಂಬಂಧ ತೋರಿಸದೆ ತೀರ್ಮಾನಕ್ಕೆ ಬರುವವರನ್ನು ಕಂಡರೆ ನನಗೂ ಆಗುವುದಿಲ್ಲ.

ಮಾವ ಎಂದರೆ ಅಮ್ಮನ ತಮ್ಮ. ವಿಜಯನಗರ ಬಡಾವಣೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಹಗಲೆಲ್ಲ ಕಲಿಯುವವರ ಎಡಕ್ಕೆ ಕೂತು, ತಮ್ಮ ಕಾಲಡಿಯ ಹೆಚ್ಚುವರಿ ಬ್ರೇಕಿನ ಮೇಲೆ ಪಾದವಿಟ್ಟು ಊರು ಸುತ್ತುತ್ತಾರೆ. ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾರೆ. ಅದನ್ನು ಆಟ ಎಂದರೆ ಮುಖ ದಪ್ಪ ಮಾಡಿಕೊಳ್ಳುತ್ತಾರೆ, ಅಭ್ಯಾಸ ಎನ್ನಬೇಕು. ಇಷ್ಟಾಗಿ ನಿಜವಾದ ವಿಮಾನವನ್ನು ಅವರು ಒಂದು ಸಲವೂ ಹತ್ತಿದವರಲ್ಲ. ಯಾಕೆ ಎಂದರೆ, "ಡ್ರೈವರ್ ಆದೋನು ಇನ್ನೊಬ್ರ ಗಾಡೀಲಿ ಕೂರಲ್ಲ ಕಣೇ" ಎನ್ನುತ್ತಿದ್ದರು. ಗತ್ತು ಅಂದುಕೊಂಡಿದ್ದೆ.

ನನ್ನ ವಿಷಯಕ್ಕೆ ಬರುತ್ತೇನೆ. ರಸ್ತೆಗಿಂತ ಆಕಾಶವೇ ಸುರಕ್ಷಿತ ಎಂದು ಕಾಲೇಜಿನಲ್ಲಿ ವಾದಿಸಿ ಬಹುಮಾನ ಗೆದ್ದವಳು ನಾನು. ಅದಾದ ಮೇಲೆ ದೆಹಲಿಯ ಚರ್ಚಾಸ್ಪರ್ಧೆಗೆ ರೈಲಿನಲ್ಲಿ ಹೋದವಳೂ ನಾನೇ. ಪರಿಸರದ ಕಾಳಜಿ ಎಂದೆ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಎಲ್ಲ ಸರಿಯಿತ್ತು, ಗುವಾಹಟಿಯ ಫೈನಲ್ ಬರುವವರೆಗೆ. ಪರೀಕ್ಷೆ ಮುಗಿಸಿ ರೈಲು ಹತ್ತಿದರೆ ಸ್ಪರ್ಧೆ ಮುಗಿದ ಮೇಲೆ ತಲುಪುತ್ತಿದ್ದೆವು. ತಂಡದಲ್ಲಿ ಇಬ್ಬರೇ, ನಾನು ಮತ್ತು ಸುಮ. ನಾನು ಹೋಗದಿದ್ದರೆ ಅವಳೂ ಹೋಗುವಂತಿಲ್ಲ. ಅವಳಿಗೆ ಅದು ಕೊನೆಯ ವರ್ಷ. ಅವಳು ಫೋನಿನಲ್ಲಿ ಕುಣಿಯುತ್ತಿದ್ದರೆ ಇತ್ತ ನಾನು ರೈಲಿನ ವೇಳಾಪಟ್ಟಿಯನ್ನು ಮತ್ತೆ ಮತ್ತೆ ತಿರುವುತ್ತಿದ್ದೆ. ಭಯ ಎಂದು ಯಾರಿಗೆ ಹೇಳಲಿ? ಮಾವನಿಗೆ ಹೇಳಿದೆ.

ಅವರು ನಗಲಿಲ್ಲ. "ನಡಿ, ಕಾರ್ಡ್ ತರಾಣ" ಎಂದರು.

ಅವರ ಹಳೆಯ ಕಾರ್ಡಿನಲ್ಲಿ ಮೋಡಗಳು ತಟ್ಟೆಯಲ್ಲಿಟ್ಟ ಇಡ್ಲಿಯ ಹಾಗೆ ಕಾಣುತ್ತಿದ್ದವು. ಬೆಟ್ಟ ಹತ್ತಿರವಾದರೆ ಚಿತ್ರ ಎರಡು ಸಲ ಬಿಕ್ಕಿ ನಿಂತುಬಿಡುತ್ತಿತ್ತು. ಅಂಥ ವಿಮಾನಕ್ಕೆ ಯಾರು ಹೆದರುತ್ತಾರೆ? ಹೊಸದು ಬೇಡವೆಂದು ನಾನು ಅಂಗಡಿಯಲ್ಲೇ ವಾದ ಶುರು ಮಾಡಿದೆ. ವಿಮಾನದ ಆಟದಲ್ಲಿ ಅರ್ಧ ಭಾರ ಪ್ರೊಸೆಸರಿನದು. ಅದು ಹಳೆಯದಾಗಿದ್ದರೆ ದೊಡ್ಡ ಕಾರ್ಡು ಸುಮ್ಮನೆ ಕೂತಿರುತ್ತದೆ. ಹದಿನಾರು ಜಿಬಿಯದು ದಂಡ, ಎಂಟು ಜಿಬಿಯದು ಧಾರಾಳ. ಒಂದೊಂದು ಅಂಶವೂ ನಿಜವೇ. ಅಂಗಡಿಯ ಹೆಂಗಸು ಎರಡೂ ಡಬ್ಬ ಮುಂದಿಟ್ಟುಕೊಂಡು ಕೇಳಿಸಿಕೊಂಡರು.

"ಸಾರ್, ಮೇಡಂ ಲಾಯರ್ರಾ?"

"ಇಲ್ಲ ಕಣಮ್ಮ, ಎದರ್ಕಂಡವ್ಳೆ" ಎಂದರು ಮಾವ. "ಯಾವ್ದ್ರಲ್ಲಿ ಮೋಡ ಮೋಡದಂಗೇ ಕಾಣ್ತದೋ ಅದು ಕೊಡಿ."

ತಂದದ್ದು ಎಷ್ಟು ಉದ್ದವಿತ್ತೆಂದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚಲೇ ಇಲ್ಲ. ಹಾಗೇ ತೆರೆದಿಟ್ಟೆವು. ಪರದೆಯಲ್ಲಿ ಮಂಡಕಳ್ಳಿ ನಿಲ್ದಾಣದಿಂದ ವಿಮಾನ ಎದ್ದಿತು. ಚಾಮುಂಡಿ ಬೆಟ್ಟ ಮೆಲ್ಲಗೆ ಓರೆಯಾಯಿತು, ಬೆಟ್ಟದ ರಸ್ತೆ ದಾರದಂತೆ ಸಣ್ಣಗಾಯಿತು. ಬೂದು ಮೋಡವೊಂದು ಎದುರಿಗೆ ಬಂದು ಬಾಯ್ತೆರೆಯಿತು. ನಾನು ಎದ್ದು ಅಡುಗೆಮನೆಗೆ ಹೋದೆ.

ಮಾವ ಹಿಂದೆಯೇ ಬಂದರು. "ಭಯ ಆಯ್ತಾ?"

"ಹ್ಞೂ."

"ಹಂಗಾದ್ರೆ ಕಾರ್ಡು ಸರಿಯಾಗದೆ. ಎದರದೇ ಇರೋರ್ಗೆ ನಾನು ಸ್ಟೀರಿಂಗೇ ಕೊಡಲ್ಲ ಕಣೇ. ಅವ್ರು ಗುದ್ದೋರೇ."

ನಾನೇ ಓಡಿಸುತ್ತೇನೆ, ಕೈಯಲ್ಲಿ ಹಿಡಿತವಿದ್ದರೆ ಭಯ ಹೋಗುತ್ತದೆ ಎಂದು ಹೊಸ ವಾದ ಹೂಡಿದೆ. "ಗುವಾಹಟೀಗೆ ನೀನು ಓಡ್ಸ್ಕೊಂಡು ಹೋಯ್ತೀಯಾ?" ಎಂದರು. ತಿರುಗುವ ಕುರ್ಚಿಯೊಂದನ್ನು ಎಳೆದು ಕೂರಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಸೊಂಟವನ್ನು ಕುರ್ಚಿಗೆ ಬಿಗಿದರು. ಕೈ ತೊಡೆಯ ಮೇಲಿಟ್ಟುಕೊಂಡಿರಬೇಕು, ಮಾತಾಡಬಾರದು. ದಿನಾ ಸಂಜೆ ಇದೇ ಪಾಠ. ಮಾವ ಇಳಿಸುವುದರಲ್ಲಿ ಒರಟು. ಗದ್ದೆಗೆ ಇಳಿಸಿದ್ದೂ ಉಂಟು. ನನಗೆ ತೀರ ಕಷ್ಟವಾದದ್ದು ಎತ್ತರವಲ್ಲ, ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಕೈಯನ್ನು ನಂಬಿ ಕೂರುವುದು. ಎದುರಾಳಿಗೆ ಸರದಿ ಬಿಟ್ಟುಕೊಡುವಾಗಲೂ ಗಡಿಯಾರ ನೋಡುವವಳು ನಾನು.

ಆಯುಧಪೂಜೆಯ ದಿನ ಅತ್ತೆ ಸ್ಕೂಲಿನ ಕಾರುಗಳಿಗೆಲ್ಲ ಪೂಜೆ ಮುಗಿಸಿ ಕಂಪ್ಯೂಟರಿಗೂ ಬಂದಿದ್ದಾರೆ. ಬಾಗಿಲು ತೆರೆದಿದ್ದ ಕ್ಯಾಬಿನೆಟ್ ಕಂಡು, ಪೂಜೆಗೆಂದೇ ತೆರೆದಿಟ್ಟಿದ್ದಾರೆ ಎಂದುಕೊಂಡು ಕಾರ್ಡಿಗೆ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದ್ದಾರೆ. ವಾಹನ ತಾನೇ, ಕುರ್ಚಿಯ ಗಾಲಿಗಳಡಿಗೆ ನಿಂಬೆಹಣ್ಣನ್ನೂ ಇಟ್ಟಿದ್ದಾರೆ. ನಮಗೆ ಗೊತ್ತಿಲ್ಲ. ಸಂಜೆ ಎಂದಿನಂತೆ ಟವೆಲ್ ಬಿಗಿಸಿಕೊಂಡು ಕೂತೆ. ರನ್‌ವೇ ಎದುರಿಗೆ ಏರಿ ಬರುತ್ತಿತ್ತು. ಅಷ್ಟರಲ್ಲಿ ಹೂವಿನ ನಾರು ಫ್ಯಾನಿಗೆ ಸುತ್ತಿಕೊಂಡು ಕಾರ್ಡು ಕಾದು, ಪರದೆ ಕಪ್ಪಾಯಿತು.

ಪೂರಾ ಕಪ್ಪು. ಸದ್ದೂ ಇಲ್ಲ. ನಾನು ಚೀರಿದೆ. ಕುರ್ಚಿ ಹಿಂದಕ್ಕೆ ಜರುಗಿತು, ಅಡಿಯಲ್ಲಿ ನಿಂಬೆಹಣ್ಣು ಪಚಕ್ಕನೆ ಒಡೆಯಿತು.

"ಅಯ್ಯೋ, ಏನಾಯ್ತೇ?" ಎಂದು ಅತ್ತೆ ಓಡಿ ಬಂದರು.

"ಏನಿಲ್ಲ ಬುಡು, ಲ್ಯಾಂಡ್ ಆದೋ" ಎಂದರು ಮಾವ. ನಾರು ಬಿಡಿಸಿದ ಮೇಲೆ ಕಾರ್ಡು ಮತ್ತೆ ಎದ್ದಿತು, ಇವತ್ತಿನವರೆಗೂ ಕುಂಟುತ್ತ ಓಡಿತು.

ಭಯ ಅದರ ತುದಿಯವರೆಗೂ ಹೋಗಿ ಬಂದಿತ್ತು, ನಾನು ಕುರ್ಚಿಯಲ್ಲೇ ಇದ್ದೆ. ಗುವಾಹಟಿಯ ವಿಮಾನದಲ್ಲಿ ನೆನಪಾದದ್ದು ಇಷ್ಟೇ. ಅಲ್ಲಿ ಭಯವೇ ಆಗಲಿಲ್ಲ ಎಂದರೆ ಸುಳ್ಳು. ಸುಮಳ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ವೇದಿಕೆಯ ಮೇಲೂ ಅದು ಕೆಂಪಗಿತ್ತು. ಆದರೆ ಹೋದೆ. ಫೈನಲ್ ಸೋತೆವು, ತೀರ್ಪು ತಪ್ಪೆಂದು ಈಗಲೂ ಸಾಬೀತು ಮಾಡಬಲ್ಲೆ.

ಇಂದು ಬೆಳಿಗ್ಗೆ ಕಾರ್ಡಿನ ಚೀಲ ಇಟ್ಟ ಮಾವ ಹೊರಡಲಿಲ್ಲ. ಕಿಟಕಿ ನೋಡುತ್ತ ನಿಂತು, ನಿಮ್ಮತ್ತೆ ಮುಂದಿನ ತಿಂಗಳು ಕಾಶಿಗೆ ವಿಮಾನದ ಟಿಕೆಟ್ ಮಾಡಿಸಿದ್ದಾಳೆ, ಇಬ್ಬರಿಗೂ, ಎಂದರು. ಹೊಸ ಕಾರ್ಡು ಕೊಳ್ಳಲು ಒಟ್ಟಿಗೇ ಹೋದೆವು. ಅದೇ ಅಂಗಡಿ, ಅದೇ ಹೆಂಗಸು. ಮಾವ ಚಿಕ್ಕ ಡಬ್ಬವನ್ನು ಎತ್ತಿಕೊಂಡರು.

"ಇದೇ ಸಾಕು ಕಣೇ. ನಮ್ ಪ್ರೊಸೆಸರ್ ಹಳೇದು, ದೊಡ್ಡದು ಸುಮ್ನೆ ದಂಡ."

ಒಂದೊಂದು ಅಂಶವೂ ನಿಜವೇ. ಹಣ ಚಾಚಿದ ಅವರ ಕೈಯನ್ನು ಹಿಡಿದು ತಡೆದೆ, ತಣ್ಣಗಿತ್ತು. ನಾನು ವಾದ ಮಾಡಲಿಲ್ಲ. "ಮೋಡ ಕಾಣೋದು ಕೊಡಿ" ಎಂದೆ.

ಸಂಜೆ ಓಡಿಸುವ ಕುರ್ಚಿಯಲ್ಲಿ ನಾನು ಕೂತೆ. "ಟವೆಲ್ ಕೊಡಿ ಮಾವ" ಎಂದೆ. "ನಂಗ್ಯಾಕೆ ಬುಡು" ಎಂದರು, ಆದರೂ ಕೊಟ್ಟರು. ಅವರನ್ನು ತಿರುಗುವ ಕುರ್ಚಿಗೆ ಬಿಗಿದು ಕಟ್ಟಿದೆ. ಮಂಡಕಳ್ಳಿ ಕೆಳಗಿಳಿಯಿತು; ಬೆಟ್ಟ ಓರೆಯಾಯಿತು. ನೋಡಿದರೆ, ಮೇಜಿನ ಕೆಳಗೆ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು.

"ಭಯ ಆಯ್ತಾ ಮಾವ?"

"ಹ್ಞೂ ಕಣೇ."

"ಹಂಗಾದ್ರೆ ಕಾರ್ಡು ಸರಿಯಾಗಿದೆ" ಎಂದು, ಬೆವರಿದ ಕೈಯಲ್ಲೇ ವಿಮಾನವನ್ನು ಮೋಡದೊಳಕ್ಕೆ ಏರಿಸಿದೆ.