ಕೆಳಗಿನ ಸಾಲಿನ ಸೇಬು

ಬೆಳಗಿನ ಐದೂಕಾಲು ಗಂಟೆ. ಒಂಬತ್ತು ಮಹಡಿಯ ಕಚೇರಿಯ ನೆಲಮಾಳಿಗೆಯಲ್ಲಿರುವ ಅಡುಗೆಮನೆಯಲ್ಲಿ ಸೇಬಕ್ಕ ಒಬ್ಬರೇ ನಿಂತು ಬೈಯುತ್ತಿದ್ದಾರೆ. ಬೈಗುಳ ಸೇಬಿನ ಪೆಟ್ಟಿಗೆಗೆ. ಪೆಟ್ಟಿಗೆಯ ಒಂದು ಮೂಲೆ ಒಡೆದಿದೆ. ಆ ಮೂಲೆಯಲ್ಲಿದ್ದ ಐದು ಹಣ್ಣುಗಳ ಮೈ ಮೆತ್ತಗಾಗಿದೆ.

"ಎತ್ತಿ ಒಗೆದಿದ್ದಾರೆ ನೋಡಿ. ಇವರ ಮನೆ ಕನ್ನಡಿನ ಯಾರಾದ್ರೂ ಹೀಗೆ ಇಳಿಸಿದ್ರೆ ಸುಮ್ನಿರ್ತಾರಾ?"

ಐವತ್ತೆರಡರ ಸೇಬಕ್ಕ ಎತ್ತರದ ಹೆಂಗಸು. ಗ್ರೈಂಡರ್ ಸದ್ದಿನ ನಡುವೆಯೂ ಅವರ ಮಾತು ಕೇಳಿಸುತ್ತದೆ. ಪ್ರತಿ ಹಣ್ಣನ್ನೂ ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಿದ್ದದ್ದನ್ನು ಬಲಕ್ಕೆ, ಮೆತ್ತಗಿದ್ದದ್ದನ್ನು ಎಡಕ್ಕೆ ಇಡುತ್ತಾರೆ. ಇದು ಅವರ ದಿನದ ಮೊದಲ ಕೆಲಸ. ಇವತ್ತು ಅದರ ನಡುವೆ ಎರಡು ಸಲ ಗೋಡೆಯ ಗಡಿಯಾರದ ಕಡೆ ನೋಡಿದ್ದಾರೆ. ಒಂಬತ್ತಕ್ಕೆ ಕ್ಯಾಂಟೀನಿನ ಮ್ಯಾನೇಜರ್ ಸ್ಟಾಪ್‌ವಾಚ್ ಹಿಡಿದು ಇಲ್ಲಿಗೆ ಬರುತ್ತಾರೆ. ಸೇಬಕ್ಕ ಒಂದು ತಟ್ಟೆಯನ್ನು ನಾಲ್ಕು ನಿಮಿಷದೊಳಗೆ ಮುಗಿಸಿ ತೋರಿಸಬೇಕು. ಮುಗಿಸದಿದ್ದರೆ ಮೂರನೆಯ ಮೆಮೊ. ಮೂರನೆಯ ಮೆಮೊ ಬಂದವರು ಮರುವಾರದಿಂದ ಪಾತ್ರೆ ತೊಳೆಯುವ ಕಡೆಗೆ ಹೋಗಬೇಕು.

ಆ ತಟ್ಟೆ ಏನೆಂದು ಹೇಳಬೇಕು. ಸೇಬನ್ನು ತೆಳ್ಳಗೆ ಹೋಳು ಮಾಡಿ ಅಗಲವಾದ ತಟ್ಟೆಯಲ್ಲಿ ಸುತ್ತಲೂ ಜೋಡಿಸುವುದು. ಅದರ ಮೇಲೆ ಕ್ಯಾರಮೆಲ್, ಕರಗಿಸಿದ ಚಾಕೊಲೇಟ್, ತೆಳ್ಳಗೆ ಮಾಡಿದ ಕಡಲೆಕಾಯಿ ಬೆಣ್ಣೆ, ಮೂರನ್ನೂ ಎಳೆ ಎಳೆಯಾಗಿ ಬಿಡುವುದು. ಕೊನೆಗೆ ಹುರಿದ ಬೀಜದ ತರಿ, ಪುಡಿ ಮಾಡಿದ ಬಿಸ್ಕತ್ತು, ಒಣದ್ರಾಕ್ಷಿ ಉದುರಿಸುವುದು. ನಾಲ್ಕೈದು ಜನ ಒಂದೇ ತಟ್ಟೆಗೆ ಕೈ ಹಾಕಿ ತಿನ್ನುತ್ತಾರೆ. ಮೀಟಿಂಗ್ ಕೋಣೆಗಳಿಗೆ ದಿನಕ್ಕೆ ನಲವತ್ತು ತಟ್ಟೆ ಹೋಗುತ್ತವೆ. ತಟ್ಟೆಗೆ ಮೂರು ಸೇಬು, ನಲವತ್ತೆರಡು ಹೋಳು: ಕೆಳಗಿನ ಸಾಲಿಗೆ ಇಪ್ಪತ್ತನಾಲ್ಕು, ಅದರ ಮೇಲೆ ಕೂರುವ ಸಾಲಿಗೆ ಹದಿನೆಂಟು. ಸೇಬಕ್ಕನ ಚಾಕು ದಿನಕ್ಕೆ ಸಾವಿರದ ಆರುನೂರ ಎಂಬತ್ತು ಹೋಳು ಕತ್ತರಿಸುತ್ತದೆ.

ಜಗಳ ಇರುವುದು ಕೆಳಗಿನ ಸಾಲಿನಲ್ಲಿ. ಹೋಳು ಕಪ್ಪಾಗದಿರಲು ಉಪ್ಪುನೀರಿನಲ್ಲಿ ಅದ್ದುತ್ತಾರೆ. ಒದ್ದೆ ಹೋಳಿನ ಮೇಲೆ ಕ್ಯಾರಮೆಲ್ ನಿಲ್ಲುವುದಿಲ್ಲ, ಜಾರಿ ತಟ್ಟೆ ಸೇರುತ್ತದೆ. ಹಾಗಾಗಿ ಸೇಬಕ್ಕ ಹೋಳುಗಳನ್ನೆಲ್ಲ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಒತ್ತಿ ಒರೆಸುತ್ತಾರೆ. ಕೆಳಗಿನ ಸಾಲು ಜೋಡಿಸಿ ಎಳೆ ಬಿಟ್ಟು ತರಿ ಉದುರಿಸುತ್ತಾರೆ. ಆಮೇಲೆ ಮೇಲಿನ ಸಾಲು, ಮತ್ತೆ ಎಳೆ, ಮತ್ತೆ ತರಿ. ಒಟ್ಟು ಐದೂವರೆ ನಿಮಿಷ. ಒರೆಸದೆ, ಮೇಲಿನ ಸಾಲಿಗೆ ಮಾತ್ರ ಎಳೆ ಬಿಟ್ಟರೆ ನಾಲ್ಕೇ ನಿಮಿಷ. ಮೇಲಿನಿಂದ ನೋಡಿದರೆ ಎರಡು ತಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

"ಫೋಟೋಗೆ ಗೊತ್ತಾಗಲ್ಲ. ಬಾಯಿಗೆ ಗೊತ್ತಾಗುತ್ತೆ," ಎನ್ನುತ್ತಾರೆ ಸೇಬಕ್ಕ.

ಆರು ಮಕ್ಕಳ ಮನೆಯಲ್ಲಿ ಅವರು ಐದನೆಯವರು. ಮನೆಯಲ್ಲಿ ಇದ್ದದ್ದು ಒಂದು ದೊಡ್ಡ ತಟ್ಟೆ. ಅಣ್ಣಂದಿರು ಮೊದಲು ಕೈ ಹಾಕುತ್ತಿದ್ದರು, ಆರನೆಯದು ಅಮ್ಮನ ಮಡಿಲಲ್ಲಿ ಕೂತು ತಿನ್ನುತ್ತಿತ್ತು. "ಐದನೆಯವಳ ಪಾಲಿಗೆ ತಟ್ಟೆಯ ತಳ. ರುಚಿ ಎಲ್ಲಾ ಮೇಲೇ ಖಾಲಿ. ನಮ್ಮಮ್ಮ ಕೆಟ್ಟವಳಲ್ಲ, ಅವಳಿಗೆ ಪುರುಸೊತ್ತು ಇರಲಿಲ್ಲ. ಇಲ್ಲಿ ನಂಗೆ ಪುರುಸೊತ್ತು ಇದೆ, ಇವರು ಬೇಡ ಅಂತಾರೆ," ಎನ್ನುವಾಗ ಅವರ ಕೈಯಲ್ಲಿನ ಸೇಬು ಬಲಗಡೆಯ ಬುಟ್ಟಿಗೆ ಸ್ವಲ್ಪ ಜೋರಾಗಿಯೇ ಬೀಳುತ್ತದೆ. ತಕ್ಷಣ ಅದನ್ನೆತ್ತಿ ಮತ್ತೆ ಒತ್ತಿ ನೋಡುತ್ತಾರೆ.

ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಬೇಕರಿಯೊಂದರಲ್ಲಿದ್ದರು. ಮೊದಲ ನಾಲ್ಕು ವರ್ಷ ಅಲ್ಲಿ ಟ್ರೇ ತಿಕ್ಕಿದರು. ಸೋಪಿನ ನೀರಿಗೆ ಬೆರಳ ಚರ್ಮ ಸೀಳಿ, ರಾತ್ರಿ ಹೊದಿಕೆಯ ನೂಲು ಸಿಕ್ಕಿಕೊಂಡರೂ ಕಣ್ಣಲ್ಲಿ ನೀರು ಬರುತ್ತಿತ್ತು. ಒಲೆಯ ಕಡೆಗೆ ಬಂದ ಮೇಲೆ ಕೈ ವಾಸಿಯಾಯಿತು. ಸೋಪಿನ ನೀರು ಇನ್ನು ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿದ್ದರು. ಪಾತ್ರೆ ತೊಳೆಯುವ ಕಡೆಗೆ ಹೋಗುವುದೆಂದರೆ ಸೇಬಕ್ಕನಿಗೆ ಆ ಬೆರಳುಗಳಿಗೆ ವಾಪಸ್ ಹೋಗುವುದು. ಸೀಳಿದ ಬೆರಳು ಮತ್ತೆ ಚಾಕು ಹಿಡಿಯಲಾರದು.

ಕ್ಯಾರಮೆಲ್ ಕಲಿತದ್ದೂ ಆ ಬೇಕರಿಯಲ್ಲೇ. ಆರು ಗಂಟೆಗೆ ದಪ್ಪ ತಳದ ಬಾಣಲೆ ಒಲೆಗೇರುತ್ತದೆ. ಸಕ್ಕರೆ ಅಂಚಿನಿಂದ ಕರಗಲು ಶುರುವಾದಾಗ ಅವರು ಚಮಚ ಹಾಕುವುದಿಲ್ಲ, ಬಾಣಲೆಯನ್ನೇ ಹಿಡಿದು ಓಲಾಡಿಸುತ್ತಾರೆ. ಬಣ್ಣ ಹಳೆಯ ತಾಮ್ರದಂತಾದ ಕೂಡಲೇ ಬೆಣ್ಣೆ, ಕೆನೆ, ಚಿಟಿಕೆ ಉಪ್ಪು. ಬಾಣಲೆ ಬುಸುಗುಟ್ಟಿ ಉಕ್ಕುತ್ತದೆ. ಒಂದು ಉಸಿರಿನಷ್ಟು ತಡವಾದರೆ ಕಹಿ. ಇದನ್ನು ಅಳೆಯಲು ಯಾರೂ ಸ್ಟಾಪ್‌ವಾಚ್ ತಂದಿಲ್ಲ.

ಈ ತಟ್ಟೆ ಶುರುವಾದದ್ದೇ ಒಂದು ಅವಘಡದಿಂದ. ಎಂಟು ವರ್ಷದ ಹಿಂದೆ ದೊಡ್ಡ ಮೀಟಿಂಗಿಗೆ ಬರಬೇಕಿದ್ದ ಕೇಕ್ ದಾರಿಯಲ್ಲೇ ಕುಸಿದುಹೋಯಿತು. ಆಗಿನ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತರು. ಸೇಬಕ್ಕ ಕೈಗೆ ಸಿಕ್ಕ ಸೇಬು ಕತ್ತರಿಸಿ, ಇದ್ದ ಸಿಹಿಯನ್ನೆಲ್ಲ ಮೇಲೆ ಹರಿಸಿ ಆರು ತಟ್ಟೆ ಕಳಿಸಿದರು. ತಟ್ಟೆಗಳು ಒರೆಸಿಟ್ಟಂತೆ ವಾಪಸ್ ಬಂದವು. ಮರುತಿಂಗಳು ಕಚೇರಿಯ ಪತ್ರಿಕೆಯಲ್ಲಿ ತಟ್ಟೆಯ ಚಿತ್ರ ಬಂತು. ಅದರ ಹಿಂದೆ ನಗುತ್ತಾ ನಿಂತವರು ಮ್ಯಾನೇಜರ್. "ನಂದು ಮೊಣಕೈ ಬಂದಿದೆ, ಎಡಗಡೆ ನೋಡಿ," ಎಂದು ಸೇಬಕ್ಕ ಗೋಡೆಗೆ ಅಂಟಿಸಿದ ಆ ಪುಟ ತೋರಿಸುತ್ತಾರೆ. ನಿಜ, ಮೊಣಕೈ ಇದೆ.

ಈಗಿನ ಮ್ಯಾನೇಜರ್ ಬಂದು ನಾಲ್ಕು ತಿಂಗಳು. ಇಪ್ಪತ್ತೆಂಟರ ವಯಸ್ಸು, ಕುತ್ತಿಗೆಯಲ್ಲಿ ಸ್ಟಾಪ್‌ವಾಚ್. ಅಡುಗೆಮನೆಯವರು ಅವರಿಗೆ ಇಟ್ಟ ಹೆಸರು ಗಡಿಯಾರ. ಅವರು ದನಿ ಏರಿಸುವುದಿಲ್ಲ. ನಗುನಗುತ್ತಲೇ ಲೆಕ್ಕ ಒಪ್ಪಿಸುತ್ತಾರೆ: ತಟ್ಟೆಗೆ ಒಂದೂವರೆ ನಿಮಿಷ ಹೆಚ್ಚು, ನಲವತ್ತು ತಟ್ಟೆ, ದಿನಕ್ಕೆ ಸರಿಯಾಗಿ ಒಂದು ಗಂಟೆ ನಷ್ಟ.

"ಆ ಒಂದು ಗಂಟೆ ನಾನೇನು ಮಲಗಿರ್ತೀನಾ?" ಎಂದು ಸೇಬಕ್ಕ ಆ ಲೆಕ್ಕ ಮೊದಲು ಬಂದ ದಿನವೇ ಕೇಳಿದ್ದರು. ಮೊದಲ ಮೆಮೊ ಆಗ ಬಂತು.

ಮೆಮೊ ಓದಿದ ಮಗಳು, "ಅಮ್ಮಾ, ಒಂದೂವರೆ ನಿಮಿಷಕ್ಕೆ ಯಾರಾದ್ರೂ ಜಗಳ ಆಡ್ತಾರಾ? ನಿನ್ನ ಕೈ ನೋಡ್ಕೋ ಮೊದಲು," ಅಂದಳು. ಸೇಬಕ್ಕ ಒಪ್ಪಿದರು. ಹನ್ನೊಂದು ದಿನ ಹೇಳಿದಂತೆಯೇ ಮಾಡಿದರು: ಒರೆಸಲಿಲ್ಲ, ಕೆಳಗಿನ ಸಾಲಿಗೆ ಏನೂ ಹಾಕಲಿಲ್ಲ.

ಹನ್ನೆರಡನೆಯ ದಿನ ಏಳನೇ ಮಹಡಿಯ ಅಟೆಂಡರ್ ಖಾಲಿ ಟ್ರೇ ಹಿಡಿದು ಕೆಳಗಿಳಿದರು. ಮೀಟಿಂಗ್ ಮುಗಿದು ಎಲ್ಲರೂ ಎದ್ದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಅವರು ಮತ್ತು ನೆಲ ಒರೆಸುವ ಇಬ್ಬರು ಹೆಂಗಸರು ಹಂಚಿಕೊಂಡು ತಿನ್ನುತ್ತಾರೆ. ಅವರು ಟ್ರೇ ಇಟ್ಟು ಹೇಳಿದ್ದು ಇಷ್ಟೇ: "ಸೇಬಕ್ಕಾ, ನಮ್ಮ ಮೇಲೆ ಏನಾದ್ರೂ ಕೋಪಾನಾ? ಎರಡು ವಾರದಿಂದ ನಮಗೆ ಬರೀ ಉಪ್ಪುನೀರಿನ ಸೇಬು."

ಅವರು ತಮಾಷೆಗೇ ಅಂದದ್ದು. ಸೇಬಕ್ಕನಿಗೆ ನಗು ಬರಲಿಲ್ಲ. "ನನ್ನ ಮುಖಕ್ಕೆ ಹೊಡೆದ ಹಾಗಾಯ್ತು. ನಮ್ಮನೆ ತಟ್ಟೆ ತಳ ತಿಂದವಳು ನಾನು. ನಾನೇ ಇನ್ನೊಬ್ಬರಿಗೆ ಅದೇ ತಳ ಕಳಿಸ್ತಿದ್ದೆ, ಅದೂ ಹನ್ನೊಂದು ದಿನ!" ಮರುದಿನದಿಂದ ಒರೆಸುವ ಬಟ್ಟೆ ಮತ್ತೆ ಮೇಜಿಗೆ ಬಂತು. ಅದರ ಹಿಂದೆಯೇ ಎರಡನೆಯ ಮೆಮೊ ಬಂತು.

ಒಂಬತ್ತು ಗಂಟೆ. ಗಡಿಯಾರ ಬಾಗಿಲಲ್ಲಿ ಕಾಣಿಸುತ್ತಾರೆ. ಪಾತ್ರೆಯ ಕಡೆ ನಲ್ಲಿ ನಿಲ್ಲುತ್ತದೆ, ಅಲ್ಲಿನವರೆಲ್ಲ ಕತ್ತು ಚಾಚಿದ್ದಾರೆ.

"ಅಮ್ಮಾ, ಶುರು ಮಾಡೋಣವಾ? ಟೆನ್ಶನ್ ಬೇಡ."

"ಟೆನ್ಶನ್ ನಿಮಗೆ ಸಾರ್. ವಾಚ್ ನಿಮ್ಮ ಕೈಲಿದೆ."

ಚಾಕು ಇಳಿಯುತ್ತದೆ. ಮೂರು ಸೇಬು ನಲವತ್ತೆರಡು ಹೋಳಾಗಿ ಉಪ್ಪುನೀರಿಗೆ ಹೋಗಿ ಬರುತ್ತವೆ. ಒಂದೂಕಾಲು ನಿಮಿಷ. ಇಲ್ಲಿಂದ ನೇರ ತಟ್ಟೆಗೆ ಜೋಡಿಸಿದರೆ ಗೆದ್ದಂತೆ. ಸೇಬಕ್ಕನ ಕೈ ಒದ್ದೆ ಹೋಳುಗಳ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಬಟ್ಟೆ ಹರಡುತ್ತಾರೆ.

ಮ್ಯಾನೇಜರ್ ನಿಟ್ಟುಸಿರು ಬಿಡುತ್ತಾರೆ. "ಅಮ್ಮಾ..."

"ನೋಡ್ತಾ ಇರಿ ಸಾರ್. ಮಧ್ಯ ಮಾತಾಡಿಸಿದ್ರೆ ಆ ಸೆಕೆಂಡೂ ನನ್ನ ತಲೆಗೇ ಕಟ್ತೀರಿ."

ಪಾತ್ರೆಯ ಕಡೆಯಿಂದ ಯಾರೋ ಕಿಸಕ್ಕೆಂದು ನಗುತ್ತಾರೆ. ಕೆಳಗಿನ ಸಾಲು, ಎಳೆ, ತರಿ. ಮೇಲಿನ ಸಾಲು, ಎಳೆ, ತರಿ. ಕೊನೆಯ ದ್ರಾಕ್ಷಿ ಬಿದ್ದಾಗ ಐದು ನಿಮಿಷ ಹತ್ತು ಸೆಕೆಂಡ್. ಇಷ್ಟು ಬೇಗ ಅವರು ಯಾವತ್ತೂ ಮುಗಿಸಿರಲಿಲ್ಲ.

ಸೇಬಕ್ಕ ತಟ್ಟೆಯನ್ನು ಮುಂದೆ ತಳ್ಳುತ್ತಾರೆ. "ಬರೆಯೋಕೆ ಮೊದಲು ಒಂದು ಹೋಳು ತಿನ್ನಿ. ಮೇಲಿಂದ ಬೇಡ, ಅಡಿಯಿಂದ ಎಳ್ಕೊಳ್ಳಿ."

"ನಾನು ಸಿಹಿ ತಿನ್ನಲ್ಲಮ್ಮ."

ನಾಲ್ಕು ತಿಂಗಳಿಂದ ಈ ತಟ್ಟೆಗೆ ನಿಯಮ ಬರೆಯುತ್ತಿರುವ ಮನುಷ್ಯ ಅದರ ಒಂದು ಚೂರನ್ನೂ ನಾಲಿಗೆಗೆ ಇಟ್ಟಿಲ್ಲ. ಅವರು ಪೆನ್ನು ತೆಗೆದು, ಮೇಜಿನ ಒಣ ಜಾಗ ಹುಡುಕಿ, ಕಾಗದದ ಮೇಲೆ ಸಮಯ ಬರೆಯುತ್ತಾರೆ. "ನನ್ನ ಮೇಲೂ ಒತ್ತಡ ಇದೆ, ಅರ್ಥ ಮಾಡ್ಕೊಳ್ಳಿ. ಸೋಮವಾರದಿಂದ ಆ ಕಡೆ," ಎಂದು ಕಾಗದ ಕೊಟ್ಟು ಮೆಟ್ಟಿಲು ಹತ್ತುತ್ತಾರೆ. ಒತ್ತಡ ಇರಬಹುದು. ಅದು ಇಳಿದು ಇಳಿದು ಬಂದು ನಿಲ್ಲುವುದು ಮಾತ್ರ ಯಾವಾಗಲೂ ನೆಲಮಾಳಿಗೆಯಲ್ಲೇ.

ಸೇಬಕ್ಕ ಕಾಗದವನ್ನು ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿ ಎರಡನೆಯ ತಟ್ಟೆಗೆ ಸೇಬು ಎತ್ತಿಕೊಳ್ಳುತ್ತಾರೆ. ಇನ್ನೂ ಮೂವತ್ತೊಂಬತ್ತು ತಟ್ಟೆ ಬಾಕಿ. ಬಟ್ಟೆ ಹರಡಿಯೇ ಇದೆ. ಪಾತ್ರೆಯ ಕಡೆಯ ಹಿರಿಯ ಹೆಂಗಸು ಬಂದು, ತನ್ನ ರಬ್ಬರ್ ಕೈಗವಸು ತೋರಿಸಿ, "ಇದರಲ್ಲಿ ಬಲಗೈದು ತೂತು ಕಣೇ, ಹೊಸದು ಕೇಳ್ಕೋ," ಎನ್ನುತ್ತಾರೆ.

"ಎರಡು ಜೊತೆ ಕೇಳ್ತೀನಿ. ನಿಂಗೂ ಒಂದು."

ಅಲ್ಲಿಗೆ ಹೋದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಸೇಬಕ್ಕ ತಲೆ ಎತ್ತುವುದಿಲ್ಲ. ಬಟ್ಟೆಯ ಮೇಲಿನ ಹೋಳುಗಳನ್ನು ಒಂದೊಂದಾಗಿ ಒತ್ತುತ್ತಲೇ ಹೇಳುತ್ತಾರೆ:

"ಆಯಪ್ಪ ಒಂದು ಮರೆತಿದ್ದಾನೆ. ತಟ್ಟೆ ಇಲ್ಲಿಂದ ಹೋಗೋದು ಮಾತ್ರ ಅಲ್ಲ, ವಾಪಸ್ಸೂ ಬರುತ್ತೆ. ಬರೋದು ಪಾತ್ರೆ ತೊಳೆಯೋ ಕಡೆಗೇ. ದಿನಾ ನಲವತ್ತೂ ನನ್ನ ಕೈ ದಾಟಿಯೇ ಹೋಗಬೇಕು. ಅಡಿಯಲ್ಲಿ ಒಂದೇ ಒಂದು ಬರೀ ಹೋಳು ಕಂಡ್ರೂ ಸರಿ, ಆ ತಟ್ಟೆ ತೊಳೆಯಲ್ಲ ನಾನು. ತಗೊಂಡು ಹೋಗಿ ಅವನ ಮೇಜಿನ ಮೇಲೆ ಇಡ್ತೀನಿ."