ಬೆನ್ನು ಹಾಕಿ ನಿಂತ ಹುಡುಗಿ

…ಇಲ್ಲ, ಅದು ಚಳಿಗಾಲ ಇರಲಿಕ್ಕಿಲ್ಲ. ಕುಸುಬಿ ಎಣ್ಣೆಯ ವಾಸನೆಯನ್ನೂ ಮೈಮೇಲಿನ ಸ್ವೆಟರನ್ನೂ ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಇಳಕಲ್ಲಿನ ನಮ್ಮ ಓಣಿ ಮಗ್ಗದ ಸದ್ದಿಗೆ ಏಳುತ್ತಿದ್ದ ದಿನಗಳು, ನಾನು ಎಂಟನೆಯ ತರಗತಿ. ಇಷ್ಟು ಮಾತ್ರ ಖಾತ್ರಿ.

ಆಟದ ಟೀಚರು ಲ್ಯಾಕ್ರೋಸ್ ತಂದಿದ್ದರು. ಕೋಲಿನ ತುದಿಯ ಜಾಳಿಗೆಯಲ್ಲಿ ಚೆಂಡಿಟ್ಟು, ಬೀಳದಂತೆ ತೂಗುತ್ತ ಓಡುವ ಆಟ. ಅವರಿಗೂ ಹೊಸದು. ಬಾಯಲ್ಲಿ ಹೇಳಿದ್ದು ನಮಗೆ ತಿಳಿಯದಾಗ ಮೊಬೈಲಿನ ಚಿತ್ರ ಹಿಡಿದು ನಮ್ಮ ಮನೆಗೇ ಬಂದರು. ಅಪ್ಪ ನೇಯ್ಗೆಗೆಂದು ಸೀರೆ ಸೆರಗಿನ ನಕ್ಷೆಗಳನ್ನು ಚೌಕುಳಿ ಹಾಳೆಯ ಮೇಲೆ ಬರೆಯುವವನು.

"ದೊಡ್ಡದಾಗಿ ಬರದು ಕೊಡ್ರಿ, ಸಾಲಿ ಗ್ವಾಡಿಗೆ ಹಚ್ಚತೇನಿ," ಅಂದರು ಟೀಚರು.

"ಇದೇನ್ರಿ ಟೀಚರ, ಮೀನ ಹಿಡಿಯೋ ಬಲಿ?" ಅಂದ ಅಪ್ಪ.

ನಾಲ್ಕು ಹಾಳೆ ಬರೆದ. ಹಿಡಿಯುವುದು, ತೂಗುವುದು, ಎಸೆಯುವುದು, ನೆಲದಿಂದ ಎತ್ತುವುದು. ನಾಲ್ಕರಲ್ಲೂ ನಮಗೆ ಬೆನ್ನು ಹಾಕಿ ನಿಂತ ಹುಡುಗಿ. ಕೋಲಿನ ಮೇಲ್ಗಡೆಯ ಕೈಗೆ ಕೆಂಪು, ಕೆಳಗಿನದಕ್ಕೆ ಹಸಿರು. ಅವಳ ಹಿಂದೆ ನಿಂತು ಹಾಗೇ ಹಿಡಿದೆವು. ಕ್ರಮೇಣ ಚೆಂಡು ಬೀಳುವುದು ನಿಂತಿತು. ಗೆಳತಿ ಶಾಂತಾಗೂ ನನಗೂ ಬಾಗಲಕೋಟೆಗೆ, ಜಿಲ್ಲಾ ತಂಡದ ಆಯ್ಕೆಗೆ ಕರೆ ಬಂತು. ಆ ತಂಡದ ಅಂಗಿ ತೊಡಬೇಕೆಂದು ನನಗೆ ನಿದ್ದೆಯಿಲ್ಲ.

ಮೈದಾನದಲ್ಲಿ ತರಬೇತುದಾರಳು ನಕ್ಕಳು. "ಏನವಾ, ನಿಮ್ಮೂರಾಗ ಎಲ್ಲಾರೂ ಎಡಗೈನವರೇನ?"

ಸುತ್ತ ನೋಡಿದೆ. ಉಳಿದೆಲ್ಲರ ಬಲಗೈ ಕೋಲಿನ ಮೇಲ್ಗಡೆ ಇತ್ತು, ನಮ್ಮಿಬ್ಬರದು ಎಡಗೈ. ಆಗ ಹೊಳೆಯಿತು: ನಮ್ಮ ಮಗ್ಗದಲ್ಲಿ ಸೆರಗಿನ ಸರಿಮೈ, ಅಂದರೆ ಉಟ್ಟಾಗ ಹೊರಗೆ ಕಾಣುವ ಬದಿ, ಕೆಳಗಿರುತ್ತಿತ್ತು; ನೇಯುವವರಿಗೆ ಕಾಣುವುದು ಹಿಂಬದಿ, ಅದಕ್ಕೇ ಅಪ್ಪ ಪ್ರತಿ ನಕ್ಷೆಯನ್ನೂ ಎಡಬಲ ತಿರುವಿ ಬರೆಯುತ್ತಿದ್ದ. ರೂಢಿಯಂತೆ ಹುಡುಗಿಯನ್ನೂ ಹಾಗೇ ತಿರುವಿದ್ದ.

"ಇರ್ಲಿ ಬಿಡವಾ, ಚೆಂಡಿಗೇನು ಗೊತ್ತಾಕ್ಕೈತಿ?" ಅಂದಳು ಶಾಂತಾ.

ನನಗೆ ನಾಚಿಕೆ. ಕೈ ಬದಲಿಸಿದೆ. ಮೂರು ಸಲ ಓಡಿದೆ, ಮೂರು ಸಲವೂ ಚೆಂಡು ಬಿತ್ತು. ಎಡಗೈಯಲ್ಲೇ ಆಡಿದ ಶಾಂತಾ ಆಯ್ಕೆಯಾದಳು.

ಸಂಜೆ ಅಪ್ಪ ಕೇಳಿದ, "ಏನಾತು?"

"ಕೈ ನೋಯಾಕತ್ತಿತ್ತು."

"ಯಾವ ಕೈ?"

ಬಲಗೈ ಚಾಚಿದೆ. ಎಣ್ಣೆ ಬಿಸಿ ಮಾಡಿ ತಿಕ್ಕಿದ.

ಮುಂದಿನ ವಾರ ಶಾಲೆಯ ಗೋಡೆಯ ಮೇಲೆ ಅಪ್ಪ ಬರೆದ ಹೊಸ ಹಾಳೆಗಳಿದ್ದವು, ಬಲಗೈ ಕೆಂಪು. ನಾನು ಮತ್ತೆ ಕೋಲು ಮುಟ್ಟಲಿಲ್ಲ. ಈಗ ಆ ಶಾಲೆಯಲ್ಲಿ ಲ್ಯಾಕ್ರೋಸ್ ಇಲ್ಲ, ಗೋಡೆಗೆ ಸುಣ್ಣ ಬಳಿದಿದ್ದಾರೆ. ಎಡಬಲದ ತಪ್ಪನ್ನು ಅಪ್ಪನಿಗೆ ಯಾರು ಹೇಳಿದರು, ಟೀಚರೋ ಶಾಂತಾಳೋ? ಎಣ್ಣೆ ತಿಕ್ಕುವಾಗಲೇ ಅವನಿಗೆ ತಿಳಿದಿತ್ತೋ? ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.