ಚಾಳ ಕೆಡವುವ ಮೊದಲು ಕೇಳಿದ್ದು

ನನ್ನ ಗಂಡ ದಾಂಡೇಲಿಯ ಒಂದು ಮರದ ಡಿಪೋದಲ್ಲಿ ದಿಮ್ಮಿ ಉರುಳಿಸುವ ಕೆಲಸ ಮಾಡುತ್ತಿದ್ದರು. ಅರವತ್ತರ ದಶಕದ ಶುರುವಿನ ಒಂದು ಮಳೆಗಾಲದಲ್ಲಿ ಸಾಗವಾನಿ ದಿಮ್ಮಿಯೊಂದು ಜಾರಿ ಅವರ ಮೇಲೆ ಬಂತು. ಮಣ್ಣು ಮಾಡಿದ ಮೇಲೆ ಹಳಿಯಾಳದಿಂದ ಬಂದಿದ್ದ ಅತ್ತೆಮನೆಯವರು ಹೊರಟುಹೋದರು. ನಾನು ಚಾಳದಲ್ಲೇ ಉಳಿದೆ. ಧೈರ್ಯದಿಂದ ಉಳಿದೆ ಅಂತಲ್ಲ. ಎದ್ದು ಗಂಟು ಕಟ್ಟಬೇಕು ಅನ್ನಿಸಲಿಲ್ಲ, ಅಷ್ಟೇ. ಒಲೆ ಹಚ್ಚುತ್ತಿದ್ದೆ, ಅನ್ನ ಸೀದ ವಾಸನೆ ಬಂದರೂ ನೋಡುತ್ತಾ ಕೂರುತ್ತಿದ್ದೆ.

ಅದು ಸರ್ಕಾರ ಕೂಲಿಗಾರರಿಗೆಂದು ಕಟ್ಟಿಸಿದ್ದ ಚಾಳ. ಎದುರುಬದುರು ಎರಡು ಸಾಲು, ತಗಡಿನ ಮಾಡು, ನಡುವೆ ಒಂದು ನಲ್ಲಿ. ಅದನ್ನು ಕೆಡವಿ ಅಲ್ಲೇ ಮಾಳಿಗೆಯ ಮನೆ ಕಟ್ಟುತ್ತಾರೆಂದು ಸುದ್ದಿಯಾಯಿತು. ಒಂದು ಮಧ್ಯಾಹ್ನ ಇಂಜಿನಿಯರ್ ಸಾಹೇಬರು ಬಂದು ನಲ್ಲಿಯ ಹತ್ತಿರ ಸಭೆ ಮಾಡಿದರು. ಗಂಡಸರು ಮುಂದೆ, ಹೆಂಗಸರು ಹಿಂದೆ. ಕಟ್ಟುವ ತನಕ ಎಲ್ಲರೂ ಹೊಳೆಯ ಆಚೆ ಶೆಡ್ಡಿನಲ್ಲಿ ಇರಬೇಕು ಅಂದರು. ಉಳಿದದ್ದು ಹಿಂದೆ ಕೂತವರಿಗೆ ಸರಿಯಾಗಿ ಕೇಳಿಸಲಿಲ್ಲ.

"ಎಲ್ಲಾರಿಗೂ ಒಪ್ಪಿಗಿ ಐತೆಲ್ಲ? ಕೈ ಎತ್ರಿ ನೋಡೂಣು."

ಪಕ್ಕದಲ್ಲಿದ್ದವಳು ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿದಳು. ಅವಳು ಬಿಟ್ಟ ಮೇಲೂ ಕೈ ಹಾಗೇ ಇತ್ತು. ಯಾರದೋ ಕೈ ನೋಡಿದ ಹಾಗೆ ನಾನು ಅದನ್ನು ನೋಡುತ್ತಿದ್ದೆ.

ಆಮೇಲೆ ಒಬ್ಬರು ಬಂದರು, ಚಾಳದವರು ಗೌರವದಿಂದ ಅವರನ್ನು ಬಾಯಿ ಅನ್ನುತ್ತಿದ್ದರು. ಕೂಲಿಗಾರರ ಸಂಸಾರಗಳ ಯೋಗಕ್ಷೇಮ ನೋಡಲು ಇಲಾಖೆಯವರು ನೇಮಿಸಿದ್ದ ಹೆಣ್ಣುಮಗಳು, ನನ್ನದೇ ವಯಸ್ಸು. ಮನೆಯಿಂದ ಮನೆಗೆ ಹೋಗಿ ಹೊಸ್ತಿಲ ಹೊರಗೇ ಕೂರುತ್ತಿದ್ದರು.

"ಅವತ್ತ ಎತ್ತಿದ ಕೈ ನಾ ಲೆಕ್ಕಕ್ಕ ಹಿಡಿಯೂದಿಲ್ರಿ ಅಕ್ಕಾರ," ಅಂದರು. "ನಿಮಗ ಏನು ಬೇಕು ಹೇಳ್ರಿ."

ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಕೂತು ಹೋದರು. ಮತ್ತೆ ಬಂದರು. ಆಗಲೂ ನಾನು ಏನೂ ಹೇಳಲಿಲ್ಲ. ಅವರಿಗೆ ಬೇಜಾರಾದಂತೆ ಕಾಣಲಿಲ್ಲ. "ಪಕ್ಕದ ಮನಿ ಅಜ್ಜಿಗೆ ಕನ್ನಡ ಬರೂದಿಲ್ಲಂತ. ನಿಮ್ಮ ತವರುಮನಿ ಜೋಯಿಡಾ ಕಡೆ ಅಲ್ರಿ? ಆಕಿ ಮಾತು ನನಗ ತಿಳಿಸಿ ಹೇಳ್ತೀರೇನು?" ಎಂದು ಕೇಳಿದರು.

ಅಜ್ಜಿ ಸೂಪಾ ಕಡೆಯವಳು. ಎರಡೂ ಕಣ್ಣು ಹೋಗಿದ್ದವು. ಮಗ ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸಭೆಯಲ್ಲಿ ಇಬ್ಬರ ಪರವಾಗಿಯೂ ಅವನೇ ಕೈ ಎತ್ತಿದ್ದ. ಚಾಳ ಕೆಡವುತ್ತಾರೆ ಅನ್ನುವುದೇ ಅಜ್ಜಿಗೆ ಗೊತ್ತಿರಲಿಲ್ಲ. ನಾನು ಕೊಂಕಣಿಯಲ್ಲಿ ಹೇಳಿದಾಗ ಅವಳು ಗೋಡೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಒಂದೇ ಸಮನೆ ಮಾತಾಡಿದಳು. ಮೆಟ್ಟಿಲು ಹತ್ತಲಾರೆ. ಹೊಳೆ ದಾಟಿ ಹೋಗಲಾರೆ, ಅಲ್ಲಿ ದಾರಿ ತಿಳಿಯುವುದಿಲ್ಲ. ನಲ್ಲಿ ಮನೆಯ ಮುಂದೆಯೇ ಇರಲಿ. ಪಕ್ಕದಲ್ಲಿ ಈ ಹುಡುಗಿ ಇರಲಿ.

ಕೊನೆಯ ಮಾತನ್ನು ನಾನು ಕನ್ನಡಕ್ಕೆ ತರಲಿಲ್ಲ. ಬಾಯಿ ನನ್ನ ಮುಖ ನೋಡಿ, "ಇನ್ನೊಂದೇನೋ ಅಂದ್ರಲ್ಲ?" ಅಂದರು. ಆಗ ಹೇಳಿದೆ.

ಮುಂದಿನ ವಾರ ಇಂಜಿನಿಯರರು ಮತ್ತೆ ಬಂದಾಗ ಬಾಯಿ ಅಜ್ಜಿಯನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಎದುರಿಗೇ ಕೂರಿಸಿದರು. ಅಜ್ಜಿ ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದೆ. ಸಾಹೇಬರು ಕೆಟ್ಟವರಲ್ಲ, ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಬಾಯಿಯನ್ನು ಕೇಳಿದರು.

"ಮನಿ ಈಕಿ ಗಂಡನ ಹೆಸರಿನ್ಯಾಗಿತ್ತು. ಹೊಸಾದರಾಗ ಈಕಿಗೆ ಜಾಗಾ ಇಲ್ಲ. ಈಕಿ ಏನಂತಾಳ?"

"ಏನೂ ಅಂದಿಲ್ರಿ."

"ಹಂಗಾರ ತಕರಾರಿಲ್ಲ ಅಂದಂಗಾತು."

"ಇಲ್ರಿ ಸಾಹೇಬ್ರ," ಬಾಯಿ ಅಂದರು. "ಗಂಡ ಹೋಗಿ ಇನ್ನೂ ಮೂರ ತಿಂಗಳಾಗಿಲ್ಲ. ತನ್ನ ಸಲುವಾಗಿ ಆಡಾಕ ಆಕಿಗೆ ಇನ್ನೂ ಮಾತ ಬಂದಿಲ್ಲ. ಬಾಯಿ ಬಿಡಲಿಲ್ಲಂದ್ರ ಒಪ್ಪಿದಂಗ ಆಗೂದಿಲ್ರಿ."

ಡಿಪೋದ ಕಡೆಯಿಂದ ಗರಗಸದ ಸದ್ದು ಬರುತ್ತಿತ್ತು. ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬುದು ನನಗೆ ತಡವಾಗಿ ಹೊಳೆಯಿತು.

"ಇಲ್ಲೇ ಇರ್ತೇನ್ರಿ," ಅಂದೆ.

ಸಾಹೇಬರು ನನ್ನನ್ನು ನೋಡಿದರು. "ಒಬ್ಬಾಕಿನ?"

"ಅಜ್ಜಿ ಬಾಜೂಕ."

ಗೆದ್ದೆ ಅಂತ ಅನ್ನಿಸಲಿಲ್ಲ. ಹೆದರಿಕೆಯೂ ಆಗಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆದೆ.

ಕೇಳಿದ್ದೆಲ್ಲ ಆಗಲಿಲ್ಲ. ಎರಡೂ ಸಾಲು ಒಟ್ಟಿಗೆ ಕೆಡವದೆ ಒಂದಾದ ಮೇಲೊಂದು ಕೆಡವಿದರು. ಉಳಿದ ಸಾಲಿನಲ್ಲಿ ಮನೆಗೆ ಎರಡೆರಡು ಸಂಸಾರದವರು ಒತ್ತಿಕೊಂಡು ಇದ್ದೆವು, ಜಗಳವೂ ಆಯಿತು, ಆದರೆ ಹೊಳೆ ದಾಟಲಿಲ್ಲ. ಅಜ್ಜಿಗೆ ಕೆಳಗಿನ ಮನೆ ಸಿಕ್ಕಿತು. ಡಿಪೋದಲ್ಲಿ ದಿಮ್ಮಿಗಳ ಸಿಪ್ಪೆ ಆರಿಸುವ ಕೆಲಸಕ್ಕೆ ನನ್ನನ್ನು ಹಚ್ಚಿಕೊಂಡ ಮೇಲೆ ಪಕ್ಕದ ಮನೆ ನನ್ನ ಹೆಸರಿಗಾಯಿತು. ನಲ್ಲಿಯನ್ನು ಮಾತ್ರ ಹಿಂದುಗಡೆ, ಗಟಾರದ ಆಚೆ ಹಾಕಿದರು. ಯಾಕೆ ಎಂದು ಕೇಳಲು ಬಾಯಿ ಅಲ್ಲಿರಲಿಲ್ಲ, ಅವರಿಗೆ ಮುಂಡಗೋಡಿಗೆ ವರ್ಗವಾಗಿತ್ತು. ಅಜ್ಜಿಯ ಕೊಡವನ್ನೂ ನಾನೇ ತುಂಬಿ ತರುತ್ತಿದ್ದೆ.

ಹೊಸ ಮನೆಯಲ್ಲಿ ಸುಮಾರು ದಿನ ಕಳೆದಿದ್ದವು. ಅಜ್ಜಿ ಬಾಗಿಲಲ್ಲಿ ಕೂತು ಗೋಡೆ ಸವರುತ್ತಾ, ಇದಕ್ಕೆ ಯಾವ ಬಣ್ಣ ಹಚ್ಚಿದ್ದಾರೆ ಎಂದು ಕೇಳಿದಳು. ದಿನಾ ಅದೇ ಬಾಗಿಲಲ್ಲಿ ಓಡಾಡುತ್ತಿದ್ದೆ, ನೋಡಿರಲಿಲ್ಲ. ಕೊಡ ಕೆಳಗಿಟ್ಟು ಅಂಗಳಕ್ಕೆ ಇಳಿದು, ದೂರ ನಿಂತು ನೋಡಿದೆ.

"ಹಳದಿ," ಅಂದೆ. "ತೆಳು ಹಳದಿ."

ಕಿಟಕಿಗಳಿಗೆ ಯಾವ ಬಣ್ಣ ಎಂದು ಅಜ್ಜಿ ಕೇಳಿದಳು. ನಾನು ಅದನ್ನೂ ನೋಡಿ ಹೇಳಿದೆ.